ಬಾಗಿಲಲ್ಲಿ ಕೇಳುವ ಹೆಸರು

ಭಾನುವಾರ ಬೆಳಿಗ್ಗೆ ಧಾರವಾಡದ ಸಪ್ತಾಪುರದ ಬಾವಿಯ ಹತ್ತಿರ ಎಂದಿನಂತೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರ ಗುಂಪು. ಚಹಾ ಹೀರುತ್ತ ಹಳೇ ಪ್ರಶ್ನೆಪತ್ರಿಕೆಯ ಉತ್ತರ ಒಪ್ಪಿಸುತ್ತಿದ್ದಾರೆ. ಅಲ್ಲಿಂದ ಎರಡು ಓಣಿಯಾಚೆ ಒಂದು ಕಥೊಲಿಕ ಮನೆಯಲ್ಲಿ ಬೇರೆ ಗಡಿಬಿಡಿ. ಎರಡು ತಿಂಗಳ ಕೂಸಿಗೆ ಜ್ಞಾನಸ್ನಾನದ ಉದ್ದನೆಯ ಬಿಳಿ ಅಂಗಿ ತೊಡಿಸಬೇಕು, ಕೂಸಿಗೆ ಅದು ಬೇಡ. ಒಂದು ತೋಳು ತೂರಿಸಿದರೆ ಇನ್ನೊಂದು ಹೊರಗೆ.

ಆ ಅಂಗಿಯನ್ನು ಹೊಲಿದವರು ಮುತ್ತಜ್ಜಿ. ಅರವತ್ತರ ದಶಕದ ಆರಂಭದಲ್ಲಿ, ಚೊಚ್ಚಲ ಬಸುರಿಯಾಗಿದ್ದಾಗ, ಕೈಹೊಲಿಗೆಯಲ್ಲೇ ಹೊಲಿದದ್ದು. ಅದನ್ನು ಅವರ ಮಗ ತೊಟ್ಟ, ಮೊಮ್ಮಗ ತೊಟ್ಟ, ಈಗ ಮರಿಮಗಳ ಸರದಿ. ಅಂಚನ್ನು ತಿರುವಿ ನೋಡಿದರೆ ಒಳಗೆ ಮೂರು ಬಗೆಯ ದಾರ ಕಾಣುತ್ತದೆ. ಒಂದೊಂದು ಕೂಸಿನ ಅಳತೆಗೆ ಬಿಚ್ಚಿ ಮತ್ತೆ ಹೊಲಿದ ಗುರುತು ಅದು. ಹಿಂದಿನ ರಾತ್ರಿ ನೀಲಿ ಹಾಕಿ ನೆನೆಸಿದ್ದರೂ ಕೊರಳ ಲೇಸಿನ ಹಳದಿ ಪೂರ್ತಿ ಹೋಗಿಲ್ಲ. ಹೋಗದಿದ್ದರೂ ಬೇಸರವಿಲ್ಲ ಎಂಬಂತೆ ಮುತ್ತಜ್ಜಿ ಅದನ್ನು ಬೆರಳಿನಿಂದ ತೀಡುತ್ತಾರೆ.

“ಇದನ್ನ ಹೊಲದಾಕಿ ನಾ. ಆದ್ರ ಮೊದಲನೇ ಸಲ ಚರ್ಚಿನ್ಯಾಗ ಹಾಕಿದ್ದು ನಾ ನೋಡಲಿಲ್ಲವಾ. ಎಂಟನೇ ದಿನಕ್ಕ ಕೂಸಿನ್ನ ಒಯ್ದ್ರು. ನಾ ಬಾಣಂತಿ, ಒಳಗಿನ ಕ್ವಾಣ್ಯಾಗ ಇದ್ದೆ” ಎಂದು ಅವರು ಮೊಮ್ಮಗನ ಹೆಂಡತಿಗೆ ಹೇಳುತ್ತಾರೆ.

ಇದು ಅವರೊಬ್ಬರ ಕತೆಯಲ್ಲ. 1917ರ ಚರ್ಚಿನ ಕಾನೂನು ಸಂಹಿತೆ ಕೂಸುಗಳಿಗೆ ಆದಷ್ಟು ಬೇಗ ಜ್ಞಾನಸ್ನಾನ ಕೊಡಿಸಬೇಕು ಎನ್ನುತ್ತಿತ್ತು. ಹುಟ್ಟಿದ ಕೂಸು ಉಳಿಯುತ್ತದೆಂಬ ಭರವಸೆ ಇಲ್ಲದ ಕಾಲದ ಅವಸರ ಅದು. ಹಾಗಾಗಿ ತಾಯಿ ಮನೆಯಲ್ಲಿ, ಕೂಸು ಚರ್ಚಿನಲ್ಲಿ. ಗುರುಗಳ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದವರು ಜ್ಞಾನ ತಂದೆ-ತಾಯಿ, ಗೋವಾ ಮೂಲದ ಮನೆಗಳಲ್ಲಿ ಪಾದ್ರಿನ್, ಮಾದ್ರಿನ್ ಅನ್ನುತ್ತಾರಲ್ಲ, ಅವರು. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, 1969ರಲ್ಲಿ, ಕೂಸುಗಳಿಗೆಂದೇ ಹೊಸ ಜ್ಞಾನಸ್ನಾನ ವಿಧಿ ಬಂತು. ಅದು ಮೊದಲ ಮಾತನ್ನು ಹೆತ್ತವರಿಗೆ ಕೊಟ್ಟಿತು. 1983ರ ಸಂಹಿತೆ ‘ಮೊದಲ ಕೆಲವು ವಾರಗಳಲ್ಲಿ’ ಎಂದು ಗಡುವನ್ನು ಸಡಿಲಿಸಿತು. ಈ ಎರಡು ಬದಲಾವಣೆಗಳು ಕಾಗದದ ಮೇಲೆ ಸಣ್ಣವು. ಕತ್ತಲೆ ಕೋಣೆಯಲ್ಲಿ ಕೂತು, ತನ್ನ ಕೂಸಿನ ಹೆಸರನ್ನು ಬೇರೆಯವರು ಹೇಳಿ ಬರಲೆಂದು ಕಾದ ಹೆಣ್ಣುಮಕ್ಕಳಿಗೆ ಅವು ಸಣ್ಣವಾಗಿರಲಿಲ್ಲ.

ಧಾರವಾಡದಲ್ಲಿ ಕಥೊಲಿಕರ ನೆಲೆಗೆ ಹಲವು ಬೇರುಗಳಿವೆ. ಅದರಲ್ಲೊಂದು ರೈಲಿನದು. ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ ಇದ್ದದ್ದು ಇದೇ ಊರಿನಲ್ಲಿ. 1917ರಲ್ಲಿ ಶುರುವಾದ ಕರ್ನಾಟಕ ಕಾಲೇಜಿಗೆ ಆಮೇಲೆ ದಕ್ಕಿದ್ದು ಅದೇ ಕಟ್ಟಡ. ಆ ರೈಲುದಾರಿ ಕ್ಯಾಸಲ್‌ರಾಕ್‌ನಲ್ಲಿ ಗೋವಾದ ಹಳಿಗೆ ಕೂಡಿಕೊಂಡ ಮೇಲೆ ಘಟ್ಟದ ಕೆಳಗಿನ ಕುಟುಂಬಗಳು ಹುಬ್ಬಳ್ಳಿ-ಧಾರವಾಡಕ್ಕೆ ನೌಕರಿಗೆ ಬಂದವು. ಮಂಗಳೂರಿನ ಕಡೆಯವರು ಬಂದರು, ತಮಿಳು ಮನೆಮಾತಿನವರು ಬಂದರು, ಸುತ್ತಲಿನ ಹಳ್ಳಿಗಳ ಕನ್ನಡ ಕ್ರೈಸ್ತರು ಇದ್ದೇ ಇದ್ದರು. ಒಂದೇ ಜ್ಞಾನಸ್ನಾನದ ಮನೆಯಲ್ಲಿ ಅಜ್ಜ ಕೊಂಕಣಿಯಲ್ಲಿ ಜಪ ಹೇಳುತ್ತಾನೆ, ಸೊಸೆ ಕನ್ನಡದಲ್ಲಿ ಉತ್ತರಿಸುತ್ತಾಳೆ, ಹುಡುಗರು ಇಂಗ್ಲಿಷಿನಲ್ಲಿ ಹಾಡುತ್ತಾರೆ.

ವಿಧಿ ಶುರುವಾಗುವುದು ಚರ್ಚಿನ ಬಾಗಿಲಲ್ಲಿ. ಗುರುಗಳು ಅಲ್ಲಿಗೇ ಬಂದು ಎದುರುಗೊಂಡು ಮೊದಲು ಕೂಸಿನ ಹೆಸರು ಕೇಳುತ್ತಾರೆ. ಆಮೇಲೆ, ಈ ಕೂಸಿಗಾಗಿ ದೇವರ ಸಭೆಯಿಂದ ಏನು ಬೇಡುತ್ತೀರಿ ಎಂದು ಕೇಳುತ್ತಾರೆ. ತಾಯಿ ತಂದೆ ‘ಜ್ಞಾನಸ್ನಾನ’ ಎನ್ನುತ್ತಾರೆ. ಆಗ ಗುರುಗಳು ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಬರೆಯುತ್ತಾರೆ. ಹೆತ್ತವರೂ ಬರೆಯುತ್ತಾರೆ, ಜ್ಞಾನ ತಂದೆ-ತಾಯಿಯೂ ಬರೆಯುತ್ತಾರೆ. ಕೂಸು ಹುಬ್ಬುಗಂಟಿಕ್ಕುತ್ತದೆ.

ಹೆಸರಿನ ವಿಚಾರದಲ್ಲೂ ಕಾಲ ಸರಿದಿದೆ. ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಎಂಬ ರೂಢಿ ಗೋವಾ, ಮಂಗಳೂರು ಮನೆಗಳಲ್ಲಿತ್ತು. ಹಳೇ ಸಂಹಿತೆ ಸಂತರ ಹೆಸರನ್ನು ಸೇರಿಸಿಯೇ ತೀರಬೇಕು ಎನ್ನುತ್ತಿತ್ತು. ಈಗಿನದು ಕ್ರೈಸ್ತ ಭಾವನೆಗೆ ಹೊರತಾದ ಹೆಸರು ಬೇಡ ಎಂದಷ್ಟೇ ಹೇಳುತ್ತದೆ. ಆದ್ದರಿಂದ ಪ್ರೇರಣಾ, ಜೀವನ್ ಎಂಬ ಹೆಸರುಗಳೂ ಈಗ ಆ ಬಾಗಿಲಲ್ಲಿ ಕೇಳಿಬರುತ್ತವೆ. ಕನ್ನಡಕ್ಕೆ ಹೊಂದುವ ದಾರಿ ಹಿಂದೆಯೂ ಇತ್ತೆನ್ನಿ. ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ 2014ರಲ್ಲಿ ಅಧ್ಯಕ್ಷರಾಗಿದ್ದ ಸಾಗರದ ಕಾದಂಬರಿಕಾರರ ಹೆಸರು ನಾರ್ಬರ್ಟ್. ಓದುಗರ ಬಾಯಲ್ಲಿ ಅದು ‘ನಾ.’ ಎಂಬ ಒಂದೇ ಅಕ್ಷರವಾಗಿ, ನಾ. ಡಿಸೋಜ ಎಂದು ಉಳಿಯಿತು.

ನೀರು ಹಾಕುವ ಹೊತ್ತಿಗೆ ಮುತ್ತಜ್ಜಿಗೆ ತಡೆಯಲಾಗುವುದಿಲ್ಲ. “ನೀರು ಬೆಚ್ಚಗ ಮಾಡೀರೇನ್ರಿ ಫಾದರ್? ಕೂಸಿಗೆ ಥಂಡಿ ಆಗತೈತಿ” ಎನ್ನುತ್ತಾರೆ. ಫಾದರ್ ತಲೆಯಾಡಿಸುತ್ತಾರೆ, ಪಾತ್ರೆಯ ಹೊರಮೈ ಮುಟ್ಟಿ ತೋರಿಸುತ್ತಾರೆ. ಆಮೇಲೆ ಮೂರು ಸಲ, ಪಿತನ ಹೆಸರಿಗೊಮ್ಮೆ, ಸುತನ ಹೆಸರಿಗೊಮ್ಮೆ, ಪವಿತ್ರಾತ್ಮರ ಹೆಸರಿಗೊಮ್ಮೆ.

ಆ ಮಾತಿನಲ್ಲಿ ಒಂದಕ್ಷರವೂ ಆಚೀಚೆ ಆಗುವಂತಿಲ್ಲ. ‘ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ’ ಎನ್ನುವ ಕಡೆ ‘ನಾವು’ ಎಂದರೆ ಅದು ಜ್ಞಾನಸ್ನಾನವೇ ಅಲ್ಲ ಎಂದು 2020ರ ಆಗಸ್ಟ್‌ನಲ್ಲಿ ವ್ಯಾಟಿಕನ್ ಸ್ಪಷ್ಟಪಡಿಸಿತು. ಅದನ್ನು ಓದಿದ ಅಮೆರಿಕದ ಡೆಟ್ರಾಯಿಟ್‌ನ ಒಬ್ಬ ಯುವ ಗುರುವಿಗೆ ತಾನು ಕೂಸಾಗಿದ್ದಾಗಿನ 1990ರ ವಿಡಿಯೊ ನೆನಪಾಯಿತು. ಅದರಲ್ಲಿ ಕೇಳಿದ್ದು ‘ನಾವು’! ಗುರುದೀಕ್ಷೆ ಪಡೆದು ಮೂರು ವರ್ಷವಾಗಿದ್ದರೂ ಆತ ಜ್ಞಾನಸ್ನಾನದಿಂದ ಹಿಡಿದು ದೀಕ್ಷೆಯವರೆಗೆ ಎಲ್ಲವನ್ನೂ ಹೊಸದಾಗಿ ಪಡೆಯಬೇಕಾಯಿತು. ನಮ್ಮ ಕಡೆಯವರಿಗೆ ಇದು ವಿಚಿತ್ರ ಅನಿಸಬಹುದು. ಇಲ್ಲಿ ಹಿರಿಯರು, ಮಠದ ಸ್ವಾಮಿಗಳು ‘ನಾವು’ ಎನ್ನುವುದೇ ಗೌರವದ ಮಾತು. ಆದರೆ ಇಲ್ಲಿನ ‘ನಾನು’ ಗುರುಗಳದ್ದಲ್ಲ. ಯಾರ ಕೈ ನೀರು ಸುರಿದರೂ ಜ್ಞಾನಸ್ನಾನ ಕೊಡುವವನು ಕ್ರಿಸ್ತನೇ ಎಂಬುದು ಸಂತ ಅಗಸ್ಟೀನರ ಕಾಲದಿಂದ ಬಂದ ನಂಬಿಕೆ. ಅದಕ್ಕೇ, ಕೂಸಿನ ಜೀವ ಹೋಗುವ ಹೊತ್ತಿನಲ್ಲಿ ಹತ್ತಿರ ಯಾರಿದ್ದರೂ ಸರಿ, ಬೇರೆ ಧರ್ಮದ ನರ್ಸೇ ಆದರೂ ಸರಿ, ಚರ್ಚಿನ ಉದ್ದೇಶವನ್ನೇ ಮನಸ್ಸಿನಲ್ಲಿಟ್ಟು ಆ ಮಾತು ಹೇಳಿ ನೀರು ಹಾಕಿದರೆ ಅದು ಪೂರ್ಣ ಜ್ಞಾನಸ್ನಾನ.

ನೀರಿನ ನಂತರ ನೆತ್ತಿಗೆ ಕ್ರಿಸ್ಮಾ ತೈಲ. ಆಲಿವ್ ಎಣ್ಣೆಗೆ ಸುಗಂಧದ ಅಂಟು ಬೆರೆಸಿದ್ದು. ಇದನ್ನು ಪವಿತ್ರೀಕರಿಸುವ ಅಧಿಕಾರ ಧರ್ಮಾಧ್ಯಕ್ಷರಿಗೆ ಮಾತ್ರ. ಧಾರವಾಡ 1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಕ್ಷೇತ್ರಕ್ಕೆ ಸೇರಿದ್ದು. ಈಸ್ಟರ್ ಮುಂಚಿನ ದಿನಗಳಲ್ಲಿ ಧರ್ಮಾಧ್ಯಕ್ಷರು ಸುತ್ತಲಿನ ಗುರುಗಳೆಲ್ಲರ ಜೊತೆ ಪೂಜೆ ಅರ್ಪಿಸಿ ಪವಿತ್ರಗೊಳಿಸಿದ ಎಣ್ಣೆ ಊರೂರಿನ ಚರ್ಚಿಗೆ ಹೋಗುತ್ತದೆ. ಸಪ್ತಾಪುರದ ಕೂಸಿನ ನೆತ್ತಿಯ ಮೇಲೆ ಮಿನುಗುವ ಆ ಹನಿ, ಅದೇ ವರ್ಷ ಖಾನಾಪುರದಲ್ಲೋ ಗದಗಿನಲ್ಲೋ ಇನ್ನೊಂದು ಕೂಸಿನ ನೆತ್ತಿಗೆ ಹಚ್ಚಿದ ಎಣ್ಣೆಯ ಒಡಹುಟ್ಟು.

ಅಂಗಿ ಮುತ್ತಜ್ಜಿಯದು, ಹೆಸರು ಹೆತ್ತವರದು, ಎಣ್ಣೆ ಬೆಳಗಾವಿಯದು, ಉತ್ತರ ದೊಡ್ಡವರ ಬಾಯಿಯದು. ಕೂಸು ತಾನಾಗಿ ತಂದದ್ದು ಅಳು ಒಂದೇ. ಕೇಳದ ಕೂಸಿಗೆ ಧರ್ಮ ಕೊಡುವುದು ಸರಿಯೇ ಎಂದು ಕೇಳುವವರಿದ್ದಾರೆ, ಕ್ರೈಸ್ತರಲ್ಲೇ ಕೆಲವು ಪಂಗಡಗಳು ತಿಳಿವಳಿಕೆ ಬಂದ ಮೇಲೆಯೇ ಸ್ನಾನ ಎನ್ನುತ್ತವೆ. ಸಪ್ತಾಪುರದ ನೆರೆಹೊರೆಗೆ ಮಾತ್ರ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಪಕ್ಕದ ಲಿಂಗಾಯತ ಮನೆಯಲ್ಲಿ ಎಳೆಗೂಸಿಗೆ ಲಿಂಗಧಾರಣೆ ಆಗಿರುತ್ತದೆ. ಎದುರಿನ ಮುಸ್ಲಿಂ ಮನೆಯಲ್ಲಿ ಹುಟ್ಟಿದ ಕೂಸಿನ ಕಿವಿಯಲ್ಲಿ ಅಜಾನ್ ಹೇಳಿರುತ್ತಾರೆ. ತಮ್ಮಲ್ಲಿರುವ ಅತ್ಯಂತ ಬೆಲೆಯುಳ್ಳದ್ದನ್ನು ಕೂಸು ಕೇಳುವವರೆಗೆ ಬಚ್ಚಿಟ್ಟುಕೊಳ್ಳಲು ಯಾವ ತಾಯಿಗೂ ಮನಸ್ಸು ಬರುವುದಿಲ್ಲ.

ಊಟಕ್ಕೆ ಅವರೆಲ್ಲ ಬರುತ್ತಾರೆ. ಅಂಗಳದಲ್ಲಿ ಎರಡು ಒಲೆ. ಒಂದು ಕಡೆ ಸಣ್ಣಾಂ, ಹಂದಿಮಾಂಸದ ಸಾರು; ಇನ್ನೊಂದು ಕಡೆ, ಬೇರೆಯದೇ ಪಾತ್ರೆಗಳಲ್ಲಿ, ಎಣ್ಣೆಗಾಯಿ, ಹೋಳಿಗೆ. ಗೋವಾದ ಪದ್ಧತಿಯಂತೆ ಬೇಯಿಸಿದ ಕಡಲೆ, ಕೊಬ್ಬರಿ ತುಣುಕು ಮೊದಲು ಎಲ್ಲರ ಕೈಗೆ. ಬಿಳಿ ಕೇಕಿನ ಪಕ್ಕ ಪೇಡೆಯ ಡಬ್ಬಿ. ಬಾಡಿಗೆಗೆ ಮಹಡಿಯಲ್ಲಿರುವ ಪರೀಕ್ಷೆಯ ಹುಡುಗರಿಗೂ ಕರೆ ಹೋಗಿದೆ. ಒಳಗಿನ ಕೋಣೆಯಲ್ಲಿ ಕಲಘಟಗಿಯ ಬಣ್ಣದ ತೊಟ್ಟಿಲು. ಅದರಲ್ಲಿ ಈ ಗದ್ದಲದ ಒಡತಿ ನಿದ್ದೆ ಹೋಗಿದ್ದಾಳೆ.

ಊಟಕ್ಕೆ ಮೊದಲು, ಚರ್ಚಿನಲ್ಲೇ, ಒಂದು ಕೆಲಸ ಆಗಿತ್ತು. ಜ್ಞಾನಸ್ನಾನವನ್ನು ತಡಮಾಡದೆ ದಾಖಲಿಸಬೇಕೆಂಬುದು ನಿಯಮ. ದಪ್ಪ ರಟ್ಟಿನ ಪುಸ್ತಕದಲ್ಲಿ ಕೂಸಿನ ಹೆಸರು, ಹುಟ್ಟಿದ ದಿನ, ಹೆತ್ತವರು, ಜ್ಞಾನ ತಂದೆ-ತಾಯಿ. ಮುಂದೆ ದೃಢೀಕರಣವಾಗಲಿ, ಮದುವೆಯಾಗಲಿ, ಅದು ಬೆಂಗಳೂರಿನಲ್ಲೋ ಟೊರಾಂಟೊದಲ್ಲೋ ನಡೆದರೂ, ಸುದ್ದಿ ಇದೇ ಊರಿಗೆ ಬಂದು ಇದೇ ಸಾಲಿನ ಪಕ್ಕ ಬರಹವಾಗುತ್ತದೆ.

ಮುತ್ತಜ್ಜಿ ಫಾದರ್ ಬಳಿ ಹಳೇ ಪುಸ್ತಕ ಕೇಳಿದರು. ಹುಡುಕಿ ತೆಗೆಯಲು ಕಾಲು ಗಂಟೆ ಹಿಡಿಯಿತು. ಹಾಳೆ ಕಂದಾಗಿತ್ತು, ಬರಹ ಲ್ಯಾಟಿನ್. ಪಕ್ಕದಲ್ಲಿ ಬೇರೆ ಶಾಯಿಯಲ್ಲಿ ಮಗನ ಮದುವೆಯ ದಿನಾಂಕ. ತಾಯಿಯ ಹೆಸರಿನ ಜಾಗದಲ್ಲಿ ಲ್ಯಾಟಿನ್ ರೂಪದಲ್ಲಿ ಮುತ್ತಜ್ಜಿಯ ಹೆಸರು ಇರುವುದನ್ನು ಫಾದರ್ ಬೆರಳಿಟ್ಟು ತೋರಿಸಿದರು. ಮುತ್ತಜ್ಜಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ, “ಒಮ್ಮೆ ಓದಿ ಹೇಳ್ರಿ ಫಾದರ್” ಎಂದರು. ಅವರು ಓದಿದರು. ಇನ್ನೊಮ್ಮೆ ಓದಿಸಿಕೊಂಡರು. ಮೇಜಿನ ಆ ತುದಿಗೆ ಹೊಸ ಪುಸ್ತಕ, ಮರಿಮಗಳ ಸಾಲಿನ ಶಾಯಿ ಒಣಗಲೆಂದು, ಇನ್ನೂ ತೆರೆದೇ ಇತ್ತು.