ಮೊದಲು ಮುಗಿಯುವ ಪದಾರ್ಥ

ನಾನು ಪಾಠಶಾಲೆಯಲ್ಲಿ ಕಾವ್ಯ ವ್ಯಾಕರಣಗಳನ್ನೋದಿ, ಮುಂದೆ ಮೂವತ್ತು ವರ್ಷಗಳಿಗೂ ಮಿಕ್ಕಿ ಮಕ್ಕಳಿಗೆ ಪಾಠ ಹೇಳಿದವನು. ಭಾಸ್ಕರಾಚಾರ್ಯರ ಲೀಲಾವತಿಯ ತ್ರೈರಾಶಿಕವು ತಿಳಿದಿದ್ದರೆ ಲೋಕದ ಲೆಕ್ಕಗಳೆಲ್ಲವೂ ಕೈವಶವೆಂಬ ಅಭಿಮಾನವು ನನ್ನಲ್ಲಿ ಬಹುಕಾಲ ನೆಲೆಸಿದ್ದಿತು. ಅದಕ್ಕೆ ಒದಗಿದ ಭಂಗವನ್ನು ವಾಚಕರಲ್ಲಿ ನಿವೇದಿಸಿಕೊಳ್ಳುವೆನು.

ಪದವಿಪೂರ್ವ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ಒಂದು ಸಂಜೆ ರಸಾಯನಶಾಸ್ತ್ರದ ಲೆಕ್ಕ ಮಾಡುತ್ತಿದ್ದಳು. 32 ಗ್ರಾಂ ಮೀಥೇನು 96 ಗ್ರಾಂ ಆಮ್ಲಜನಕದಲ್ಲಿ ಉರಿದು, ಇಂಗಾಲಾಮ್ಲವಾಯುವೂ ನೀರೂ ಮಾತ್ರವೇ ಆಗುವುದಾದರೆ, ಆ ವಾಯುವಿನ ತೂಕವೆಷ್ಟು? ಅವಳು 66 ಗ್ರಾಂ ಎಂದು ಬರೆದಿದ್ದಳು. ನಾನು, “ಕಡಿಮೆ ಇರುವುದೇ ಮೊದಲು ಮುಗಿಯುವುದಲ್ಲವೆ? ಮೀಥೇನಿನಿಂದಲೇ ಲೆಕ್ಕ ಹಿಡಿ” ಎಂದು 88 ಗ್ರಾಂ ಬರೆಯಿಸಿದೆನು. ಹಿರಿಯರ ಮಾತೆಂದು ಹುಡುಗಿಯು ಮರುನುಡಿಯದೆ ತನ್ನ ಉತ್ತರವನ್ನು ಹೊಡೆದುಹಾಕಿದಳು.

ಕೆಲವು ದಿನಗಳ ಮೇಲೆ ಅವಳ ಪರೀಕ್ಷೆಯ ಉತ್ತರಪತ್ರಿಕೆಯು ಅಕಸ್ಮಾತ್ತಾಗಿ ನನ್ನ ಕಣ್ಣಿಗೆ ಬಿದ್ದಿತು. ಅದೇ ಬಗೆಯ ಲೆಕ್ಕಕ್ಕೆ ನನ್ನ ಮಾರ್ಗವನ್ನೇ ಹಿಡಿದು ಸೊನ್ನೆಯನ್ನು ಪಡೆದಿದ್ದಳು. ನನಗೆ ಹೇಳಿರಲಿಲ್ಲ.

ಅಂದು ನಾನೇ ಶಿಷ್ಯನಾಗಿ ಅವಳ ಬಳಿ ಕುಳಿತೆನು. ತೂಕವನ್ನು ತೂಕದೊಡನೆ ಹೋಲಿಸಲಾಗದು. ಮೊದಲು ಮೋಲುಗಳನ್ನಾಗಿ ಮಾಡಬೇಕು. ಮೀಥೇನಿನ ಒಂದು ಮೋಲು 16 ಗ್ರಾಂ, ಆಮ್ಲಜನಕದ್ದು 32 ಗ್ರಾಂ. ಆದುದರಿಂದ ಇರುವುದು ಮೀಥೇನು 2 ಮೋಲು, ಆಮ್ಲಜನಕ 3 ಮೋಲು. “ಇಲ್ಲಿಯೂ ಮೀಥೇನೇ ಕಡಿಮೆಯಾಯಿತಲ್ಲ!” ಎಂದೆನು. ಅವಳು ನಕ್ಕು, “ತಾತ, ಊಟದ ಪಂಕ್ತಿಯಲ್ಲಿ ಒಬ್ಬೊಬ್ಬರಿಗೆ ಒಂದು ಎಲೆ, ಎರಡು ದೊನ್ನೆ. ಎಲೆ ಇನ್ನೂರು, ದೊನ್ನೆ ಮುನ್ನೂರು ಇದ್ದರೆ ಎಷ್ಟು ಜನರಿಗೆ ಬಡಿಸುವಿರಿ?” ಎಂದಳು. ನೂರೈವತ್ತು ಜನರಿಗೆ ಮಾತ್ರ. ಐವತ್ತು ಎಲೆಗಳು ಉಳಿಯುವುವು. ಹಾಗೆಯೇ ಮೀಥೇನಿನ ಒಂದು ಅಣುವು ಆಮ್ಲಜನಕದ ಎರಡು ಅಣುಗಳನ್ನು ಬೇಡುವುದು. ತೂಕದಲ್ಲಿಯೂ ಸಂಖ್ಯೆಯಲ್ಲಿಯೂ ಹೆಚ್ಚಾಗಿದ್ದ ಆಮ್ಲಜನಕವೇ ಮೊದಲು ಮುಗಿದು, 8 ಗ್ರಾಂ ಮೀಥೇನು ಉರಿಯದೆ ಉಳಿಯುವುದು. ಮೊದಲು ಮುಗಿದು ಫಲವನ್ನು ಕಟ್ಟಿಹಾಕುವ ಪದಾರ್ಥವೇ ಮಿತಿಕಾರಕ.

ತ್ರೈರಾಶಿಕವು ಸುಳ್ಳಾಗಲಿಲ್ಲ, ಅದನ್ನು ಎರಡು ಬಾರಿ ಮಾಡಬೇಕಾಗಿದ್ದಿತು. ಮೀಥೇನನ್ನು ಇಚ್ಛಾರಾಶಿಯಾಗಿ ಹಿಡಿದರೆ ಫಲವು 2 ಮೋಲು, ಆಮ್ಲಜನಕವನ್ನು ಹಿಡಿದರೆ ಒಂದೂವರೆ. ಕಡಿಮೆಯ ಫಲವೇ ನಿಜವಾದುದು. ಮೋಲಿಗೆ 44 ಗ್ರಾಂನಂತೆ 66. ಕೊನೆಗೆ ಕೂಡಿ ನೋಡಿದ್ದರೂ ನನ್ನ ತಪ್ಪು ಹೊರಬೀಳುತ್ತಿದ್ದಿತು. ನನ್ನ ಲೆಕ್ಕದಂತೆ 88 ಗ್ರಾಂ ವಾಯು, 72 ಗ್ರಾಂ ನೀರು, ಒಟ್ಟು 160; ಹಾಕಿದುದಾದರೋ 128 ಮಾತ್ರ! ಅವಳ ಲೆಕ್ಕದಲ್ಲಿ 66, ನೀರು 54, ಉಳಿದ ಮೀಥೇನು 8, ಸರಿಯಾಗಿ 128.

“ಅಂದೇ ಏಕೆ ಹೇಳಲಿಲ್ಲ, ಮಗು?” ಎಂದು ಕೇಳಿದೆನು. ಅವಳು ಉತ್ತರ ಕೊಡಲಿಲ್ಲ. ಈಗ ನಾನು ಮಕ್ಕಳ ಉತ್ತರವನ್ನು ಹೊಡೆಯುವ ಮುನ್ನ ಅದು ಹೇಗೆ ಬಂದಿತೆಂದು ಕೇಳುತ್ತೇನೆ. ಹಾಗೆ ಕೇಳಬೇಕಾಗಿದ್ದ ಎಷ್ಟೋ ಮಕ್ಕಳು ನನ್ನ ತರಗತಿಯನ್ನು ದಾಟಿ ಹೋಗಿಬಿಟ್ಟಿದ್ದಾರೆ.