ಮೋಟಾರಿನ ಸಂತೆ

ಪರದೇಶಕ್ಕೆ ಹೋಗಿ ಸಂಸಾರ ಹೂಡಿದವರಿಗೆ ಮೊದಲ ಒಂದೆರಡು ವರ್ಷ ಪದಾರ್ಥಗಳ ಬೆಲೆಯನ್ನು ಕುರಿತು ತಕರಾರೆತ್ತುವ ಸಂದರ್ಭವೇ ಒದಗುವುದಿಲ್ಲ. ಅಮೆರಿಕಾದ ಅಂಗಡಿಗಳಲ್ಲಿ ಅಕ್ಕಿಯ ಚೀಲದ ಮೇಲೂ ಕೊಡೆಯ ಮೇಲೂ ಬೆಲೆಯ ಚೀಟಿ ಅಂಟಿಸಿರುತ್ತದೆ. ಅದನ್ನು ಇಳಿಸೆಂದು ಕೇಳುವವರಿಲ್ಲ. ಕೇಳಿದರೂ ಇಳಿಸುವ ಅಧಿಕಾರ ಅಲ್ಲಿ ನಿಂತಿರುವ ಹುಡುಗನಿಗಿಲ್ಲ. ಚಿಕ್ಕಪೇಟೆಯಲ್ಲಿ ಸೀರೆ ಕೊಳ್ಳುವಾಗಲೂ ಗಾಂಧಿಬಜಾರಿನಲ್ಲಿ ಅವರೆಕಾಯಿ ಕೊಳ್ಳುವಾಗಲೂ ತಾನಾಗಿ ನಾಲಗೆಗೆ ಬರುತ್ತಿದ್ದ ಚೌಕಾಸಿಯ ವಿದ್ಯೆ ಅಭ್ಯಾಸವಿಲ್ಲದೆ ತುಕ್ಕು ಹಿಡಿಯುತ್ತದೆ. ಅದು ಪೂರ್ತಿಯಾಗಿ ಮರೆತುಹೋಗುವ ಹೊತ್ತಿಗೆ ಮನೆಗೊಂದು ಕಾರು ಬೇಕಾಗುತ್ತದೆ. ಆಗ ತಿಳಿದುಬರುತ್ತದೆ, ಆ ದೇಶದವರು ಚೌಕಾಸಿಯನ್ನು ಬಿಟ್ಟವರಲ್ಲವೆಂದು. ಇಡೀ ಪೇಟೆಯಲ್ಲಿ ಹರಡಿರಬೇಕಾದುದನ್ನು ಅವರು ಮೋಟಾರು ಮಳಿಗೆಯೊಂದರಲ್ಲಿಯೇ ಕೂಡಿಟ್ಟಿದ್ದಾರೆ.

ಒಹಾಯೋ ಸಂಸ್ಥಾನದ ರಾಜಧಾನಿಯಾದ ಕೊಲಂಬಸ್ಸಿನಲ್ಲಿ ನೆಲಸಿದ್ದ ಕನ್ನಡ ದಂಪತಿಗಳಿಗೆ ಈ ಜ್ಞಾನೋದಯ ಮೂರನೆಯ ವರ್ಷದಲ್ಲಿ ಆಯಿತು. ಕೊಲಂಬಸ್ ಸಣ್ಣ ಊರಲ್ಲ. ಆದರೂ 1979ರಲ್ಲಿ ಕಡೆಯ ಪ್ರಯಾಣಿಕರ ರೈಲು ನಿಂತುಹೋದಂದಿನಿಂದ ಆ ಊರಿಗೆ ರೈಲಿಲ್ಲ. ಬಸ್ಸುಗಳುಂಟು; ಅವು ಹೋಗುವ ದಿಕ್ಕು ಒಂದಾದರೆ ಮಗುವಿನ ವೈದ್ಯರಿರುವ ದಿಕ್ಕು ಇನ್ನೊಂದು. ಇವರಲ್ಲಿ ಹಳೆಯದೊಂದು ಕಾರಿತ್ತು. ಊರು ಬಿಟ್ಟು ಹೊರಟಿದ್ದ ವಿದ್ಯಾರ್ಥಿಯೊಬ್ಬನಿಂದ ಕೊಂಡುದು, ಬಾಗಿಲು ಎರಡೇ, ಜನವರಿಯ ಚಳಿಯಲ್ಲಿ ಅದನ್ನು ಎಬ್ಬಿಸುವುದೆಂದರೆ ಕುಂಭಕರ್ಣನನ್ನು ಎಬ್ಬಿಸಿದಂತೆ. ಹಾಗೂ ಹೀಗೂ ದಿನ ನೂಕುತ್ತಿದ್ದರು. ಅಷ್ಟರಲ್ಲಿ ಯಜಮಾನನ ತಾಯಿ ತುಮಕೂರಿನಿಂದ ಆರು ತಿಂಗಳ ಮಟ್ಟಿಗೆ ಬರುವುದು ನಿಶ್ಚಯವಾಯಿತು. ಆಕೆಗೆ ಮಂಡಿನೋವು. ನೆಲಕ್ಕೆ ತಾಗುವಂತಿದ್ದ ಆ ಕಾರಿನಲ್ಲಿ ಒಮ್ಮೆ ಕುಳಿತರೆ ಆಕೆ ಮತ್ತೊಬ್ಬರ ಕೈ ಹಿಡಿಯದೆ ಏಳುವಂತಿರಲಿಲ್ಲ.

ಯಜಮಾನನಿಗೆ ಆಸ್ಪತ್ರೆಯೊಂದರಲ್ಲಿ ಕಂಪ್ಯೂಟರಿನ ಕೆಲಸ. ಸಂಬಳ ಸಾಕಷ್ಟಿತ್ತು, ಅದರಲ್ಲಿ ಒಂದು ಪಾಲು ಊರಿಗೆ, ವೈದ್ಯಕೀಯ ಓದುತ್ತಿದ್ದ ತಮ್ಮನ ಫೀಜಿಗೆ, ತಿಂಗಳು ತಿಂಗಳೂ ಹೋಗುತ್ತಿತ್ತು. ಕಾರಿನ ಕಂತು ನೂರು ಡಾಲರು ಹೆಚ್ಚಾದರೆ ಕೊರತೆ ಎಲ್ಲಿ ಬೀಳುವುದೆಂಬುದನ್ನು ಗಂಡಹೆಂಡಿರಿಬ್ಬರೂ ಬಲ್ಲರು. ಅದನ್ನು ಬಾಯಿ ಬಿಟ್ಟು ಆಡಿರಲಿಲ್ಲ, ಅಷ್ಟೇ.

ಯಾವ ಕಾರೆಂಬುದು ಬೇಗನೆ ತೀರ್ಮಾನವಾಯಿತು. ಮಧ್ಯಮ ಸ್ಥಿತಿಯ ಸಂಸಾರಿಗಳು ಅಲ್ಲಿ ಬಹುಕಾಲದಿಂದ ಮೆಚ್ಚಿಕೊಂಡು ಬಂದಿರುವುದು ಹೋಂಡಾದವರ ಅಕಾರ್ಡ್, ಟೊಯೋಟಾದವರ ಕ್ಯಾಮ್ರಿ. ಹೆಸರಿಗೆ ಇವು ಜಪಾನಿನವು. ಆದರೆ ಅಕಾರ್ಡ್ 1982ರಲ್ಲಿಯೇ ಕೊಲಂಬಸ್ಸಿಗೆ ಸಮೀಪದ ಮೇರಿಸ್‌ವಿಲ್ಲಿನಲ್ಲಿ, ಕ್ಯಾಮ್ರಿ 1988ರಲ್ಲಿ ನೆರೆಯ ಕೆಂಟಕಿಯಲ್ಲಿ ತಯಾರಾಗತೊಡಗಿದುವು. ಆ ನೆಲದಲ್ಲಿ ಇವರಿಗಿಂತ ಆ ಕಾರುಗಳೇ ಹಳೆಯ ನಿವಾಸಿಗಳು. ಸೊಸೆ ಊರಿಗೆ ಫೋನು ಮಾಡಿ, ಅತ್ತೆ ದಿನವೂ ಕೂರುವ ಕುರ್ಚಿಯ ಎತ್ತರವನ್ನು ಅಳತೆ ಮಾಡಿಸಿ ತಿಳಿದುಕೊಂಡಳು. ಹೊಲಿಗೆಯ ಟೇಪನ್ನು ಕೈಚೀಲದಲ್ಲಿಟ್ಟುಕೊಂಡು ಹೋಗಿ ಮಳಿಗೆಯ ಅಂಗಳದಲ್ಲಿ ನಿಂತಿದ್ದ ಕಾರುಗಳ ಆಸನಗಳನ್ನು ಅಳೆದಳು. ಅಕಾರ್ಡೂ ಕ್ಯಾಮ್ರಿಯೂ ತಗ್ಗಾದುವು. ಹೋಂಡಾದವರದೇ ಸಿ-ಆರ್-ವಿ ಎಂಬ ಎತ್ತರದ ಗಾಡಿ ಕುರ್ಚಿಗೆ ಹೆಚ್ಚುಕಡಿಮೆ ಸರಿಹೊಂದಿತು. ಬೆಲೆ 30,000 ಡಾಲರಿಗೆ ತುಸು ಮೇಲೆ. ಅಂಗಳದಲ್ಲಿ ಟೇಪು ಹಿಡಿದ ಹೆಂಗಸನ್ನು ಕಂಡು ಮಳಿಗೆಯವರು ನಕ್ಕಿರಬಹುದು. ಕಾರಿನ ಗುಣದೋಷಗಳನ್ನು ಕುರಿತು ಅಂದು ಅಲ್ಲಿ ನಡೆದ ಮಾತುಗಳಲ್ಲೆಲ್ಲ ಉಪಯೋಗಕ್ಕೆ ಬಂದುದು ಆ ಟೇಪಿನ ಮಾತೊಂದೇ.

ಗಾಡಿ ಗೊತ್ತಾಯಿತು. ಅದಕ್ಕೆ ಎಷ್ಟು ಕೊಡಬೇಕೆಂಬುದು ಗೊತ್ತಾಗಬೇಕಾದರೆ ಒಂದು ತಿಂಗಳು ಹಿಡಿಯಿತು.

ಅಮೆರಿಕಾದಲ್ಲಿ ಪ್ರತಿಯೊಂದು ಹೊಸ ಕಾರಿನ ಗಾಜಿನ ಮೇಲೂ ಬೆಲೆಯ ಪಟ್ಟಿ ಅಂಟಿಸಿರಬೇಕೆಂದು 1958ರಲ್ಲಿ ಕಾನೂನಾಯಿತು. ಅದನ್ನು ತಂದವನು ಒಕ್ಲಹೋಮಾದ ಸೆನೆಟರ್ ಮೈಕ್ ಮನ್ರೋನಿ. ಇಂದಿಗೂ ಆ ಚೀಟಿಗೆ ಆತನದೇ ಹೆಸರು. ಅದಕ್ಕೆ ಮುಂಚೆ ಮಾರುವವನು ಮುಖ ನೋಡಿ ಹೇಳಿದುದೇ ಬೆಲೆಯಾಗಿತ್ತು. ಚೀಟಿ ಇರಬೇಕೆಂದು ಕಾನೂನು ವಿಧಿಸಿತೇ ಹೊರತು ಆ ಬೆಲೆಗೇ ಮಾರಬೇಕೆಂದು ವಿಧಿಸಲಿಲ್ಲ. ಬೆಲೆ ಅದಕ್ಕಿಂತ ಕೆಳಗಿಳಿಯಬಹುದು, ಗಿರಾಕಿಗಳು ಹೆಚ್ಚಿದ್ದರೆ ಮೇಲೆಯೂ ಏರಬಹುದು. ಕಾರ್ಖಾನೆ ಅಷ್ಟು ಹತ್ತಿರವಿರುವಾಗ ನೇರವಾಗಿ ಅಲ್ಲಿಗೇ ಹೋಗಿ ಕೊಂಡು ತರೋಣವೆಂದರೆ ಅದೂ ಆಗದು. ಡೀಲರುಗಳ ಮೂಲಕ ಮಾರುವ ಕಾರ್ಖಾನೆಯವರು ತಾವೇ ಬಳಕೆದಾರನಿಗೆ ಮಾರಕೂಡದೆಂದು ಬಹುಮಟ್ಟಿಗೆ ಎಲ್ಲ ಸಂಸ್ಥಾನಗಳಲ್ಲಿಯೂ ಕಾನೂನುಂಟು. ನಡುವೆ ಡೀಲರು ಇರಲೇಬೇಕು.

ಮೊದಲನೆಯ ಡೀಲರ ಮಳಿಗೆಯಲ್ಲಿ ಆದರಕ್ಕೆ ಕೊರತೆಯಿರಲಿಲ್ಲ. ಕಾಫಿ ಬಂತು, ಮಗುವಿಗೆ ಬಲೂನು ಬಂತು. ಮಾರಾಟಗಾರನು ಯಜಮಾನನ ಕೈಕುಲುಕಿ, ಅವನ ಎದುರಿಗೇ ಕುಳಿತು, ಅವನೊಬ್ಬನೊಡನೆಯೇ ಮಾತನಾಡಿದನು. ಮನೆಯ ಲೆಕ್ಕವನ್ನೆಲ್ಲ ಬರೆದಿಡುವವಳು ಪಕ್ಕದಲ್ಲಿ ಮಗುವನ್ನೆತ್ತಿಕೊಂಡು ಕುಳಿತಿದ್ದಾಳೆಂಬುದು ಅವನಿಗೆ ಹೊಳೆಯಲಿಲ್ಲ. ಅವನು ಕೇಳಿದ ಮೊದಲನೆಯ ಪ್ರಶ್ನೆ: “ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ?”

ನೋಡುವುದಕ್ಕೆ ಇದು ಹಿತಚಿಂತಕನ ಪ್ರಶ್ನೆ. ಯಜಮಾನನು ಸರಳನಾದುದರಿಂದ ನಿಜವನ್ನೇ ಹೇಳಿದನು: “500 ಡಾಲರು.” ಮಾರಾಟಗಾರನು ಒಂದು ಹಾಳೆಯನ್ನು ನಾಲ್ಕು ಮನೆಯಾಗಿ ವಿಂಗಡಿಸಿ ಒಂದರಲ್ಲಿ ಕಾರಿನ ಬೆಲೆ, ಇನ್ನೊಂದರಲ್ಲಿ ಹಳೆಯ ಕಾರಿಗೆ ಕೊಡುವ ಬೆಲೆ, ಮೂರನೆಯದರಲ್ಲಿ ಕೈಯಿಂದ ಕಟ್ಟುವ ಹಣ, ನಾಲ್ಕನೆಯದರಲ್ಲಿ ಕಂತು, ಹೀಗೆ ಬರೆದುಕೊಂಡು, “ಮೇನೇಜರನ್ನು ಕೇಳಿಕೊಂಡು ಬರುತ್ತೇನೆ” ಎಂದು ಎದ್ದು ಗಾಜಿನ ಕೋಣೆಯೊಳಕ್ಕೆ ಹೋದನು. ಹಿಂದಿರುಗಿ ಬಂದು ಅಂಕಿಯನ್ನು ತಿದ್ದಿದನು. ಮತ್ತೆ ಹೋದನು. ಮತ್ತೆ ತಿದ್ದಿದನು. ಒಂದು ಮನೆಯಲ್ಲಿ ಇಳಿದುದು ಇನ್ನೊಂದರಲ್ಲಿ ಏರುತ್ತಿತ್ತು. ಚೌಕಾಬಾರದ ಮನೆಗಳಲ್ಲಾದರೂ ಕಾಯಿ ಎಲ್ಲಿದೆಯೆಂದು ಇಬ್ಬರಿಗೂ ಕಾಣುತ್ತದೆ; ಈ ಮನೆಗಳಲ್ಲಿ ಅದೂ ಇಲ್ಲ. ಕಡೆಗೆ ಅವನು ಜಯಶಾಲಿಯಂತೆ ನಗುತ್ತ ಬಂದು, “423 ಡಾಲರು! ನೀವು ಹೇಳಿದುದಕ್ಕಿಂತ 77 ಕಡಿಮೆ” ಎಂದನು. ಮಿಕ್ಕ 77ರಲ್ಲಿ ದುರಸ್ತಿಯ ಕರಾರನ್ನೂ ಬಣ್ಣದ ರಕ್ಷಣೆಯನ್ನೂ ಸೇರಿಸಿಕೊಳ್ಳಬಹುದೆಂಬ ಸಲಹೆಯೂ ಬಂತು.

ಹೆಂಡತಿ ಮೊದಲ ಬಾರಿಗೆ ಬಾಯಿ ತೆರೆದು, “ಎಷ್ಟು ತಿಂಗಳು?” ಎಂದು ಕೇಳಿದಳು.

84 ತಿಂಗಳು. ಎಂದರೆ ಏಳು ವರ್ಷ. ಆಕೆ ಹಾಳೆಯ ಹಿಂಬದಿಯಲ್ಲಿ ಲೆಕ್ಕ ಹಾಕಿದಳು. ಸಾಲ 28,000 ಡಾಲರು, ಬಡ್ಡಿ ಶೇಕಡ 7. ಐದು ವರ್ಷದಲ್ಲಿ ತೀರಿಸಿದರೆ ಕಂತು 554, ಒಟ್ಟು ಕೊಡುವುದು ಸುಮಾರು 33,270. ಏಳು ವರ್ಷಕ್ಕೆ ಎಳೆದರೆ ಕಂತು 423, ಒಟ್ಟು ಸುಮಾರು 35,500. ಕಡಿಮೆಯಾಯಿತೆಂದು ಮಾರಾಟಗಾರನು ನಗುತ್ತಿದ್ದ ಕಂತಿನೊಳಗೆ 2,200 ಡಾಲರಿಗಿಂತ ಹೆಚ್ಚಿನ ಬಡ್ಡಿ ಅಡಗಿ ಕುಳಿತಿತ್ತು. ಕಾರಿನ ಬೆಲೆಯಂತೂ ಚೀಟಿಯಲ್ಲಿದ್ದುದಕ್ಕಿಂತ ಒಂದು ಡಾಲರೂ ಇಳಿದಿರಲಿಲ್ಲ. “ಯೋಚಿಸಿ ಬರುತ್ತೇವೆ” ಎಂದು ಎದ್ದರು.

ದಾರಿಯಲ್ಲಿ ಗಂಡನು, “ಮೇನೇಜರು ಒಳ್ಳೆಯವನಿರಬೇಕು, ನಾಲ್ಕು ಸಲ ಒಪ್ಪಿದನಲ್ಲ” ಎಂದನು. ಹೆಂಡತಿಗೆ ತನ್ನ ತಂದೆಯ ನೆನಪಾಯಿತು. ಆತ ದೊಡ್ಡಬಳ್ಳಾಪುರದ ಕಡೆಯ ಬೇಸಾಯಗಾರ. ವರ್ಷವರ್ಷವೂ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗುವವನು. ಚಿಕ್ಕಂದಿನಲ್ಲಿ ಆಕೆಯೂ ಜೊತೆಗೆ ಹೋಗಿದ್ದುಂಟು. ಎತ್ತಿನ ಹಲ್ಲು ನೋಡಿ, ಸುಳಿ ನೋಡಿ, ನಡೆಸಿ ನೋಡಿ ಮೆಚ್ಚಿಗೆಯಾದ ಮೇಲೆ ವ್ಯಾಪಾರ. ಆ ವ್ಯಾಪಾರದಲ್ಲಿ ಸದ್ದಿಲ್ಲ. ಒಂದು ಟವಲಿನ ಮರೆಯಲ್ಲಿ ಇಬ್ಬರೂ ಕೈಹಿಡಿದುಕೊಂಡು ಬೆರಳೊತ್ತಿ ಬೆಲೆ ಹೇಳುವರು. ಒಬ್ಬನು ತಲೆಯಾಡಿಸುವನು, ಮತ್ತೊಬ್ಬನು ಇನ್ನೊಂದು ಬೆರಳು ಹಿಡಿಯುವನು. ಸುತ್ತ ನಿಂತ ನೂರು ಜನಕ್ಕೂ ಬೆಲೆ ತಿಳಿಯದು; ಟವಲಿನ ಕೆಳಗಿರುವ ಎರಡು ಕೈಗಳಿಗೆ ಮಾತ್ರ ಚೆನ್ನಾಗಿ ತಿಳಿದಿರುತ್ತದೆ. ಆಕೆ ಗಂಡನಿಗೆ ಹೇಳಿದಳು: “ಅವರಿಬ್ಬರೂ ಟವಲಿನ ಕೆಳಗೆ ಕೈಹಿಡಿದುಕೊಂಡಿದ್ದರು, ರೀ. ನಾವು ಸುತ್ತ ನಿಂತ ಜನ.”

ಎರಡನೆಯ ಮಳಿಗೆಯಲ್ಲಿ ಕಾನೂನಿನ ಚೀಟಿಯ ಪಕ್ಕದಲ್ಲಿ ಡೀಲರದೇ ಇನ್ನೊಂದು ಚೀಟಿಯಿತ್ತು. ಬಣ್ಣಕ್ಕೆ ಲೇಪ, ಗಾಜಿನ ಮೇಲೆ ಕೊರೆದ ಅಂಕಿ, ಟೈರಿನಲ್ಲಿ ನೈಟ್ರೋಜನ್ ಅನಿಲ, ಹೀಗೆ ಸಾವಿರಕ್ಕೂ ಮೇಲ್ಪಟ್ಟ ಬಾಬುಗಳು. ಮನುಷ್ಯರು ಉಸಿರಾಡುವ ಗಾಳಿಯಲ್ಲಿಯೇ ನೂರಕ್ಕೆ 78 ಪಾಲು ನೈಟ್ರೋಜನ್ ಇರುವಾಗ ಮಿಕ್ಕ 22 ಪಾಲಿಗೆ ಇಷ್ಟೊಂದು ದುಡ್ಡು ಕೊಡುವುದೆಂದರೆ ಧಾರಾಳತನವೇ ಸರಿ. ಬೇಡವೆಂದರೆ, ಆಗಲೇ ತುಂಬಿಬಿಟ್ಟಿದ್ದೇವೆ ಎಂದರು. ಈ ಬೆಲೆ ಇವೊತ್ತಿಗೆ ಮಾತ್ರ ಎಂದೂ ಸೇರಿಸಿದರು. ಅಲ್ಲಿಯೂ ಮಾತೆಲ್ಲ ಗಂಡನೊಡನೆಯೇ. ಹೆಂಡತಿಯ ಪ್ರಶ್ನೆಗೆ ಉತ್ತರ ಗಂಡನ ಮುಖ ನೋಡಿಕೊಂಡು. ಇದು ಆಕೆಯ ಶಂಕೆಯೇ ಇರಬಹುದೆಂದು ತಳ್ಳಿಹಾಕುವಂತಿಲ್ಲ. ನ್ಯಾಯಶಾಸ್ತ್ರದ ಪಂಡಿತ ಇಯಾನ್ ಏರ್ಸ್ ಎಂಬಾತನು ಶಿಕಾಗೋ ಸುತ್ತಿನ ಡೀಲರುಗಳ ಬಳಿಗೆ ಒಂದೇ ಪಾಠ ಕಲಿಸಿದ ಜನರನ್ನು ಕಳುಹಿಸಿ ಪರೀಕ್ಷಿಸಿ, ಅದರ ಫಲವನ್ನು 1991ರಲ್ಲಿ ಹಾರ್ವರ್ಡಿನ ಕಾನೂನು ಪತ್ರಿಕೆಯಲ್ಲಿ ಪ್ರಕಟಿಸಿದನು. ಬಿಳಿಯ ಗಂಡಸರಿಗೆ ಹೇಳಿದ ಬೆಲೆಗಿಂತ ಹೆಂಗಸರಿಗೂ ಆಫ್ರಿಕನ್ ಮೂಲದವರಿಗೂ ಹೇಳಿದ ಬೆಲೆ ಹೆಚ್ಚಾಗಿತ್ತು. ಕೇಳುವ ಮಾತು ಒಂದೇ, ಕಾರು ಒಂದೇ. ಮುಖ ಮಾತ್ರ ಬೇರೆ.

ಸರ್ಕಾರ ಸುಮ್ಮನೆ ಕುಳಿತಿರಲಿಲ್ಲ. ಕಾರಿನ ಪೂರ್ತಿ ಬೆಲೆಯನ್ನು ಮೊದಲೇ ಹೇಳಬೇಕು, ಗಿರಾಕಿಯ ಸ್ಪಷ್ಟವಾದ ಒಪ್ಪಿಗೆಯಿಲ್ಲದೆ ಹೆಚ್ಚಿನ ಬಾಬು ಸೇರಿಸಕೂಡದೆಂದು ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ನು 2023ರ ಡಿಸೆಂಬರಿನಲ್ಲಿ ನಿಯಮ ಹೊರಡಿಸಿತು. ಡೀಲರುಗಳ ಸಂಘದವರು ನ್ಯಾಯಾಲಯಕ್ಕೆ ಹೋದರು. ನಿಯಮ ಮಾಡುವ ಕ್ರಮದಲ್ಲಿ ಲೋಪವಾಗಿದೆಯೆಂದು 2025ರ ಜನವರಿಯಲ್ಲಿ ನ್ಯಾಯಾಲಯ ಅದನ್ನು ರದ್ದು ಮಾಡಿತು. ಜಾರಿಗೆ ಬರುವ ಮುಂಚೆಯೇ ಅದರ ಆಯುಸ್ಸು ತೀರಿತು.

ಇವರ ಕೈಗೆ ಆಯುಧ ಒದಗಿದುದು ಬೇರೊಂದು ಕಡೆಯಿಂದ. ಆಸ್ಪತ್ರೆಯ ನೌಕರರು ಸದಸ್ಯರಾಗಿದ್ದ ಒಂದು ಕ್ರೆಡಿಟ್ ಯೂನಿಯನ್, ಎಂದರೆ ಸಹಕಾರ ಸಂಘ, ಇತ್ತು. ಗದಗಿನ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ರೈತರು ಕಟ್ಟಿಕೊಂಡ ಸಂಘದ ಜಾತಿಯದೇ ಇದು. ಅಮೆರಿಕಾದಲ್ಲಿ ಇಂತಹ ಮೊದಲನೆಯದು ನ್ಯೂ ಹ್ಯಾಂಪ್‌ಷೈರಿನಲ್ಲಿ ಬಾಗಿಲು ತೆರೆದುದು 1908ರಲ್ಲಿ. ಊರಿನ ಬ್ಯಾಂಕಿನಲ್ಲಿ ಎಷ್ಟೇ ಒಳ್ಳೆಯ ಹೆಸರಿದ್ದರೂ ಆ ದೇಶದಲ್ಲಿ ಅದು ನಡೆಯದು. ಅಲ್ಲಿ ಸಾಲಗಾರನ ಯೋಗ್ಯತೆಗೆ 300ರಿಂದ 850ರವರೆಗೆ ಅಂಕಿಯುಂಟು. ಹೊಸಬನು ಅಂಕಿಯೇ ಇಲ್ಲದವನಾಗಿ ಬಂದು ಇಳಿಯುತ್ತಾನೆ. ಇವರು ಮೂರು ವರ್ಷ ಕ್ರೆಡಿಟ್ ಕಾರ್ಡಿನ ಬಾಕಿಯನ್ನು ತಪ್ಪದೆ ತೀರಿಸಿ ಅಷ್ಟಿಷ್ಟು ಅಂಕಿ ಗಳಿಸಿದ್ದರು. ಸಂಘದವರು ಶೇಕಡ 5.5ರ ಬಡ್ಡಿಗೆ ಸಾಲ ಕೊಡಲು ಒಪ್ಪಿದರು. ಮಳಿಗೆಯವರು ಹೇಳಿದ 7ರಲ್ಲಿ ಸಾಲ ಕೊಡುವ ಬ್ಯಾಂಕಿನದಲ್ಲದೆ ಡೀಲರ ಪಾಲೂ ಸೇರಿರಬಹುದೆಂಬುದು ಆಗ ತಿಳಿಯಿತು.

ಆಮೇಲೆ ಆಕೆ ಸುತ್ತಿನ ಐದು ಡೀಲರುಗಳಿಗೆ ಒಂದೇ ಒಕ್ಕಣೆಯ ಕಾಗದ ಕಳುಹಿಸಿದಳು: ಇಂತಹ ಗಾಡಿ, ಇಂತಹ ಬಣ್ಣ, ತೆರಿಗೆ, ನೋಂದಣಿ, ನಿಮ್ಮ ಶುಲ್ಕ ಎಲ್ಲ ಕೂಡಿ ಬಾಗಿಲು ದಾಟುವಾಗ ಎಷ್ಟು? ತಿಂಗಳ ಕಂತಿನ ಮಾತು ಬೇಡ. ಒಬ್ಬರು ಉತ್ತರ ಬರೆಯಲಿಲ್ಲ. ಇಬ್ಬರು, ಬನ್ನಿ, ಕುಳಿತು ಮಾತನಾಡೋಣ ಎಂದರು. ಮಿಕ್ಕ ಇಬ್ಬರು ಅಂಕಿ ಬರೆದರು. ಅವರಲ್ಲೊಬ್ಬರ ಅಂಕಿ ಮೊದಲನೆಯ ಮಳಿಗೆಯದಕ್ಕಿಂತ ಸಾವಿರ ಡಾಲರು ಕಡಿಮೆಯಾಗಿತ್ತು.

ತಿಂಗಳ ಕಡೆಯ ದಿನ ಸಂಜೆ ಹೋದರು. ಈ ಸಲ ಆಕೆ ಮುಂದಿನ ಕುರ್ಚಿಯಲ್ಲಿ ಕುಳಿತಳು. ಮಗುವನ್ನು ಗಂಡನು ಎತ್ತಿಕೊಂಡನು. ಕಾಗದಪತ್ರದ ಕೋಣೆಯಲ್ಲಿ ಇನ್ನೊಮ್ಮೆ ರಕ್ಷಣೆಗಳ ಪಟ್ಟಿ ಹೊರಬಂತು. ಕೊಂಡ ಕಾರನ್ನು ಮೂರು ದಿನದೊಳಗೆ ಹಿಂದಿರುಗಿಸಬಹುದೆಂದು ಅಲ್ಲಿ ಅನೇಕರು ನಂಬಿದ್ದಾರೆ. ಮನೆಬಾಗಿಲಿಗೆ ಬಂದು ಮಾರುವವರಿಗಾಗಿ ಮಾಡಿದ ಆ ಕೇಂದ್ರದ ನಿಯಮ ಮಳಿಗೆಯಲ್ಲಿ ಕೊಂಡ ಕಾರಿಗೆ ಸಲ್ಲದು. ಸಹಿ ಹಾಕಿದರೆ ಹಾಕಿದ ಹಾಗೆಯೇ. ಆದುದರಿಂದ ಆಕೆ ಪ್ರತಿಯೊಂದು ಹಾಳೆಯನ್ನೂ ಓದಿದಳು. ಪ್ರತಿಯೊಂದು ಬಾಬಿಗೂ ಬೇಡವೆಂದಳು. ಹನ್ನೊಂದನೆಯ ಬೇಡಕ್ಕೆ ಆ ಅಧಿಕಾರಿ ಪಟ್ಟಿಯನ್ನು ಮಡಿಸಿಟ್ಟು, “ನೀವು ಮೊದಲು ಯಾವ ವ್ಯಾಪಾರದಲ್ಲಿದ್ದಿರಿ?” ಎಂದು ಕೇಳಿದನು. “ದನದ ವ್ಯಾಪಾರ” ಎಂದಳು. ಅವನು ನಗಲೋ ಬೇಡವೋ ತಿಳಿಯದೆ ಸಹಿಯ ಜಾಗ ತೋರಿಸಿದನು.

ಉಳಿತಾಯದಿಂದ ಇನ್ನೂ 500 ಸೇರಿಸಿ ಕಟ್ಟಿದುದರಿಂದ ಸಾಲ 26,500ಕ್ಕೆ ಇಳಿಯಿತು. ಐದು ವರ್ಷಕ್ಕೆ ಕಂತು 506. ತಮ್ಮನ ಫೀಜಿಗೆ ಕೈಹಚ್ಚಬೇಕಾಗಲಿಲ್ಲ. ಹೆಚ್ಚಾದ ಆ 6 ಡಾಲರನ್ನು ಯಜಮಾನನು ಆಫೀಸಿನ ಕಾಫಿಯಲ್ಲಿ ಹೊಂದಿಸಿಕೊಂಡನು. ಹಳೆಯ ಕಾರು ಮತ್ತೊಬ್ಬ ವಿದ್ಯಾರ್ಥಿಯ ಪಾಲಾಯಿತು.

ಆ ರಾತ್ರಿ ತುಮಕೂರಿಗೆ ಫೋನು ಹೋಯಿತು. ತಾಯಿ ಗಾಡಿಯ ಬಣ್ಣ ಕೇಳಿದಳು, ನಿಂಬೆಹಣ್ಣು ಇಟ್ಟಿರಾ ಎಂದು ಕೇಳಿದಳು, ಆಮೇಲೆ ಬೆಲೆ ಕೇಳಿದಳು. ಮಗ ಹೇಳಿದನು. ಅತ್ತ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. “ಅವರು ಮೊದಲು ಎಷ್ಟು ಹೇಳಿದ್ದರಪ್ಪ?” ಎಂದಳು. ಮಗನು ಫೋನನ್ನು ಹೆಂಡತಿಯ ಕೈಗೆ ಕೊಟ್ಟನು.