ಧೂಳು ಇದೆಯಾ?

"ಬಾಗಿಲ ಮುಂದೆ ನೆಲದ ಮೇಲೆ ಧೂಳು ಇದೆಯಾ?" ಅಂತ ಅವನು ಕೇಳಿದ.

"ಪರ್ಸೆಪ್ಶನ್ ರೋಲ್ ಮಾಡು" ಅಂದೆ.

ಇಪ್ಪತ್ತು ಮುಖದ ಡೈಸ್ ಉರುಳಿಸಿದ. 4 ಬಿತ್ತು. ಅವನ ಪಾತ್ರದ ವಿಸ್ಡಮ್ 8, ಅಂದ್ರೆ ಮೈನಸ್ 1. ಒಟ್ಟು 3. ನಾನು ಇಟ್ಟಿದ್ದ ಗುರಿ 15. "ನಿಂಗೇನೂ ಕಾಣ್ಸಲ್ಲ" ಅಂದೆ. ಅವನು ಮುಂದೆ ಹೋದ, ನೆಲ ಕುಸಿಯಿತು, ಪಾತ್ರ ಸತ್ತುಹೋಯಿತು.

"ನಾನು ಕೇಳಿದ್ದು ನಿನ್ನ ಕಣೋ, ಡೈಸ್‌ನಲ್ಲ" ಅಂತ ಹೇಳಿ ಎದ್ದುಹೋದ. ಮುಂದಿನ ಎರಡು ಶನಿವಾರ ಬರಲಿಲ್ಲ.

ಹಾಸ್ಟೆಲ್‌ನಲ್ಲಿ ನಾವು ಐದು ಜನ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡ್ತೀವಿ. ನಾಲ್ವರು ಒಂದೊಂದು ಪಾತ್ರ, ನಾನು ಡಿಎಂ. ಅಂದ್ರೆ ಕಥೆ ಹೇಳುವವನು, ಬಲೆ ಇಡುವವನು, ಬೈಸಿಕೊಳ್ಳುವವನೂ ನಾನೇ. ಆಟ ನಡೀತಿದ್ದದ್ದು ಇಂಗ್ಲಿಷ್‌ನಲ್ಲಿ. ಕನ್ನಡ ಮೀಡಿಯಂನಿಂದ ಬಂದ ಇವನು ಮೊದಲ ಮೂರು ವಾರ "ಐ ಅಟ್ಯಾಕ್" ಬಿಟ್ಟು ಹೆಚ್ಚೇನೂ ಮಾತಾಡಿರಲಿಲ್ಲ. ಅವತ್ತು ಮೊದಲ ಸಲ ಕನ್ನಡದಲ್ಲಿ ಬಾಯಿ ಬಿಟ್ಟು ಕೇಳಿದ್ದು ಆ ಪ್ರಶ್ನೆ. ಅದೂ ಎಂಥಾ ಪ್ರಶ್ನೆ! ಜನ ಓಡಾಡುವ ಕಡೆ ಧೂಳು ಕೂರಲ್ಲ. ಕೂತಿದ್ರೆ ಅಲ್ಲಿ ಯಾರೂ ಕಾಲಿಡ್ತಿಲ್ಲ ಅಂತ ಅರ್ಥ. ಬಲೆ ಇಟ್ಟ ನನಗೇ ಅದು ಹೊಳೆದಿರಲಿಲ್ಲ.

ಆ ಎರಡು ವಾರ ರೂಲ್ ಬುಕ್ ಮತ್ತೆ ಓದಿದೆ. (ಸಿಗ್ನಲ್ಸ್ ಇಂಟರ್ನಲ್ಸ್ ಇತ್ತು. ಅದನ್ನು ಓದಲಿಲ್ಲ.)

1974ರಲ್ಲಿ ಗೈಗ್ಯಾಕ್ಸ್ ಮತ್ತು ಆರ್ನೆಸನ್ ಈ ಆಟ ತಂದಾಗ ಪರ್ಸೆಪ್ಶನ್ ಅನ್ನೋ ಸ್ಕಿಲ್ಲೇ ಇರಲಿಲ್ಲ. ಗುಪ್ತ ಬಾಗಿಲು ಹುಡುಕೋಕೆ ಆರು ಮುಖದ ಡೈಸ್ ಇತ್ತು, ಮಿಕ್ಕಿದ್ದನ್ನ ಹೆಚ್ಚಾಗಿ ಪ್ರಶ್ನೆ ಕೇಳಿಯೇ ತಿಳ್ಕೋಬೇಕಿತ್ತು. 2000ದ ಮೂರನೇ ಆವೃತ್ತಿಯಲ್ಲಿ ಸ್ಪಾಟ್, ಲಿಸನ್, ಸರ್ಚ್ ಅಂತ ಮೂರು ಸ್ಕಿಲ್. 2008ರಲ್ಲಿ ಅವು ಸೇರಿ ಪರ್ಸೆಪ್ಶನ್ ಆಯ್ತು, ಜೊತೆಗೆ ಪ್ಯಾಸಿವ್ ಪರ್ಸೆಪ್ಶನ್ ಬಂತು. ಡೈಸ್ ಉರುಳಿಸೋ ಬದಲು 10ಕ್ಕೆ ನಿನ್ನ ಬೋನಸ್ ಸೇರಿಸಿ, ಆ ಸಂಖ್ಯೆ ಗುರಿ ಮುಟ್ಟಿದ್ರೆ ತಾನಾಗೇ ಗಮನಕ್ಕೆ ಬಂತು ಅಂತ ಲೆಕ್ಕ.

ಇದರಿಂದ ಒಂದು ದೊಡ್ಡ ತಲೆನೋವು ಕಡಿಮೆಯಾಗುತ್ತೆ. "ರೋಲ್ ಮಾಡಿ" ಅಂದ ತಕ್ಷಣ, ಇಲ್ಲೇನೋ ಇದೆ ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತೆ. ಆಮೇಲೆ ನಾಲ್ಕೂ ಜನ ಉರುಳಿಸ್ತಾರೆ. ಬೋನಸ್ ಸೊನ್ನೆ ಇದ್ದವನಿಗೆ 15 ಮುಟ್ಟೋ ಸಾಧ್ಯತೆ ಶೇ. 30 ಅಷ್ಟೇ. ಆದ್ರೆ ಅಂಥ ನಾಲ್ವರಲ್ಲಿ ಒಬ್ಬನಾದ್ರೂ ಮುಟ್ಟೋದು 1 ಮೈನಸ್ 0.7ರ ನಾಲ್ಕನೇ ಘಾತ, ಅಂದ್ರೆ ಶೇ. 76. ಬಚ್ಚಿಟ್ಟಿದ್ದೇನು ಬಂತು!

ಪ್ಯಾಸಿವ್ ಅನ್ನೋದನ್ನ ಇಂಗ್ಲಿಷ್‌ನಲ್ಲಿ ಎರಡು ಸಲ ಓದಿದ್ರೂ ನನಗೆ ಸರಿಯಾಗಿ ತಲೆಗೆ ಹೋಗಿರಲಿಲ್ಲ. ಕನ್ನಡದಲ್ಲಿ ಯೋಚಿಸಿದಾಗ ನಗು ಬಂತು. ನಾನು ನೋಡಿದೆ, ನನಗೆ ಕಾಣಿಸಿತು. ನಾನು ಕೇಳಿದೆ, ನನಗೆ ಕೇಳಿಸಿತು. ನೋಡೋದು ನನ್ನ ಕೆಲಸ, ಕಾಣಿಸೋದು ನನಗೆ ಆಗೋದು. ರೂಲ್ ಬುಕ್ ಒಂದಿಡೀ ಪ್ಯಾರಾದಲ್ಲಿ ಹೇಳೋದನ್ನ ನಮ್ಮಜ್ಜಿ ದಿನಾ ವ್ಯಾಕರಣದಲ್ಲೇ ಹೇಳ್ತಾರೆ. "ನೋಡ್ದೆ ಕಣೋ, ಕಾಣ್ಸಲಿಲ್ಲ."

ಆದ್ರೆ ನನ್ನ ತಪ್ಪು ಬೇರೆ. 2014ರ ಐದನೇ ಆವೃತ್ತಿಯಲ್ಲಿ ಒಂದು ಉದಾಹರಣೆ ಇದೆ. ಡ್ರಾಯರ್‌ನಲ್ಲಿ ಮಡಚಿಟ್ಟ ಬಟ್ಟೆಗಳ ಕೆಳಗೆ ಒಂದು ಕೀ. ನೀನು ಗೋಡೆ, ಪೀಠೋಪಕರಣ ನೋಡ್ತಾ ರೂಮಲ್ಲಿ ಓಡಾಡಿದ್ರೆ ಎಷ್ಟೇ ದೊಡ್ಡ ನಂಬರ್ ಬಿದ್ರೂ ಕೀ ಸಿಗಲ್ಲ. ಡ್ರಾಯರ್ ತೆಗೀತೀನಿ ಅಂತಾದ್ರೂ ಹೇಳ್ಬೇಕು. ಅಂದ್ರೆ ಎಲ್ಲಿ ನೋಡ್ತೀಯ ಅನ್ನೋದು ಮೊದಲು, ಡೈಸ್ ಆಮೇಲೆ. ಇವನು ಡ್ರಾಯರ್ ತೆಗೆದಿದ್ದ. ನಾನು ಕಣ್ಣು ಕಟ್ಟಿದ್ದೆ.

ರಾಬಿನ್ ಲಾಸ್ ಅವರ ಗಮ್‌ಶೂ ಆಟ ಇನ್ನೂ ಮುಂದೆ ಹೋಗುತ್ತೆ. ಪತ್ತೇದಾರಿ ಕಥೆಯಲ್ಲಿ ಮುಖ್ಯ ಸುಳಿವಿಗೆ ಡೈಸೇ ಬೇಡ. ಸರಿಯಾದ ಸ್ಕಿಲ್ ಇದ್ದು ಸರಿಯಾದ ಜಾಗದಲ್ಲಿ ಹುಡುಕಿದ್ರೆ ಸಿಕ್ಕೇ ಸಿಗುತ್ತೆ. ಸುಳಿವು ಸಿಗದಿದ್ರೆ ಕಥೆ ಅಲ್ಲೇ ನಿಲ್ಲುತ್ತಲ್ಲ, ಅದಕ್ಕೆ.

ಹಾಗಂತ ಡೈಸ್ ತೆಗೆದು ಬಿಸಾಕೋಣ ಅಂತ ನಾನು ಹೇಳಲ್ಲ. ಶಕ್ತಿ ತೋರಿಸೋಕೆ ಯಾರೂ "ಎಲ್ಲಿ, ಟೇಬಲ್ ಎತ್ತು ನೋಡೋಣ" ಅನ್ನಲ್ಲ. ಮೂಗಿನ ಮೇಲಿರೋ ಕನ್ನಡಕ ಹುಡುಕೋ ನನ್ನಂಥವನಿಗೂ ಹದ್ದಿನ ಕಣ್ಣಿನ ಎಲ್ಫ್ ಆಗೋ ಆಸೆ ಇರುತ್ತೆ. ಅವತ್ತು ಡೈಸ್ ಬೇಕೇ ಬೇಕು. ನನ್ನ ತಕರಾರು ಇಷ್ಟೇ: ಏನೂ ಹೊಳೆಯದವನಿಗೆ ಅದು ಊರುಗೋಲಾಗಲಿ, ಹೊಳೆದವನ ಬಾಯಿಗೆ ಬೀಗ ಆಗೋದು ಬೇಡ.

ಮೂರನೇ ಶನಿವಾರ ಮೆಸ್‌ನಲ್ಲಿ ಅವನ ಎದುರು ಕೂತು ಹೇಳ್ದೆ, "ಧೂಳು ಇತ್ತು ಮಗಾ. ಮಧ್ಯದ ಕಲ್ಲಿನ ಮೇಲೆ ದಪ್ಪಗೆ ಇತ್ತು, ಅಕ್ಕಪಕ್ಕ ಸವೆದಿತ್ತು. ನಾನು ಹೇಳ್ಬೇಕಿತ್ತು." ಚಿತ್ರಾನ್ನದಿಂದ ಕರಿಬೇವು ಎತ್ತಿಡ್ತಾ ಸುಮ್ಮನಿದ್ದ. ಆಮೇಲೆ, "ಕನ್ನಡದಲ್ಲಿ ಆಡೋದಾದ್ರೆ ಬರ್ತೀನಿ" ಅಂದ.

ಈಗ ಅರ್ಧ ಕನ್ನಡ, ಅರ್ಧ ಇಂಗ್ಲಿಷ್‌ನಲ್ಲಿ ಆಡ್ತೀವಿ. ಎಲ್ಲರ ಪ್ಯಾಸಿವ್ ಸಂಖ್ಯೆ ಒಂದು ಚೀಟಿಯಲ್ಲಿ ಬರೆದು ನನ್ನ ಹತ್ರ ಇಟ್ಕೊಂಡಿದ್ದೀನಿ. ಯಾರಾದ್ರೂ ಸರಿಯಾದ ಜಾಗ ತೋರಿಸಿ ಕೇಳಿದ್ರೆ ಡೈಸ್ ಇಲ್ದೆ ಉತ್ತರ ಕೊಡ್ತೀನಿ. ಹೋದ ವಾರ ಒಂದು ಸುರಂಗದ ಬಾಯಲ್ಲಿ ಇವನು ಎಲ್ಲರನ್ನೂ ತಡೆದು ನಿಲ್ಲಿಸಿದ. ಏನೂ ಕೇಳಿರಲಿಲ್ಲ, ನಾನು ಏನೂ ಹೇಳಿರಲಿಲ್ಲ.

"ಹೆಂಗೆ ಗೊತ್ತಾಯ್ತೋ?" ಅಂದೆ.

"ಬಲೆ ಇದ್ದಾಗೆಲ್ಲ ನೀನು ಆ ಚೀಟಿ ನೋಡ್ತೀಯಲ್ಲ."